ಕೆಂಪು ಗೀಟು ಕಂಡಿತೇ? 1982ರ ಕಂಪ್ಯೂಟರೊಂದರ ರಿಪೇರಿ

ಸೋದರಮಾವ 1984ರಲ್ಲಿ ಇಂಗ್ಲೆಂಡಿನಿಂದ ವಾಪಸ್ ಬರುವಾಗ ಎರಡು ಸ್ವೆಟರ್, ಒಂದು ಡಬ್ಬ ಚಾಕೊಲೇಟ್ ಮತ್ತು ಒಂದು ಕಂಪ್ಯೂಟರ್ ತಂದಿದ್ದರು. ಚಾಕೊಲೇಟ್ ಅದೇ ವಾರ ಖಾಲಿಯಾಯಿತು, ಸ್ವೆಟರ್‌ಗಳನ್ನು ನುಸಿ ತಿಂದಿತು. ಕಂಪ್ಯೂಟರ್ ಮಾತ್ರ ಒಂದು ದಿನ ಕೈಕೊಟ್ಟು, ಹಳೆ ಪಂಚೆಯಲ್ಲಿ ಸುತ್ತಿಸಿಕೊಂಡು ಅಟ್ಟ ಸೇರಿತು. ಕಳೆದ ವರ್ಷ ಮನೆ ಬದಲಿಸುವಾಗ ಅತ್ತೆ ಫೋನ್ ಮಾಡಿ, "ಬಂದು ತಗೊಂಡು ಹೋಗ್ತೀಯೋ, ಗುಜರಿಯವನಿಗೆ ಕೊಡ್ಲೋ?" ಅಂದರು. ಆ ಸಂಜೆಯೇ ಹೋಗಿ ಎತ್ತಿಕೊಂಡು ಬಂದೆ.

ಅದು ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್. 1982ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜ್‌ನ ಸಿಂಕ್ಲೇರ್ ರಿಸರ್ಚ್ ಬಿಡುಗಡೆ ಮಾಡಿದ ಮನೆ ಕಂಪ್ಯೂಟರ್. 48 ಕೆಬಿ ಮಾದರಿಗೆ ಆಗ 175 ಪೌಂಡ್. ರಬ್ಬರಿನ ಕೀಲಿಗಳು, ಮೂಲೆಯಲ್ಲಿ ಕಾಮನಬಿಲ್ಲಿನ ಪಟ್ಟಿ, ಗಾತ್ರದಲ್ಲಿ ಒಂದು ದಪ್ಪ ನೋಟ್‌ಬುಕ್ಕಿನಷ್ಟು. ಪರದೆಗೆ ಮನೆಯ ಟಿವಿ, ಪ್ರೋಗ್ರಾಂಗಳಿಗೆ ಕ್ಯಾಸೆಟ್ ಪ್ಲೇಯರ್. ಮುಂದೆ ಇದರ ಪ್ಲಸ್ ಮಾದರಿಯನ್ನು ಡೆಸಿಬೆಲ್ಸ್ ಎಂಬ ಕಂಪನಿ ನಮ್ಮ ದೇಶದಲ್ಲೂ ಮಾರಿತು. ಹಾಗಾಗಿ ಎಂಬತ್ತರ ದಶಕದಲ್ಲಿ ಶಾಲೆಗೆ ಹೋದ ಕೆಲವರಾದರೂ ಇದನ್ನು ಮುಟ್ಟಿ ನೋಡಿರುತ್ತಾರೆ.

ಇಂಥ ಯಂತ್ರ ಕೈಗೆ ಸಿಕ್ಕಾಗ ಮೊದಲು ಬರುವ ಆಸೆ ಪ್ಲಗ್ ಹಾಕಿ ನೋಡೋಣ ಎನ್ನುವುದು. ಹಾಕಬೇಡಿ. ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿಸಿ, ಸುಮಾರು 1.4 ಆಂಪಿಯರ್. ಆದರೆ ಅದರ ಪಿನ್ನಿನ ನಡುಭಾಗ ನೆಗೆಟಿವ್. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಅಡಾಪ್ಟರ್‌ಗಳಲ್ಲಿ ನಡುಭಾಗ ಪಾಸಿಟಿವ್. ಪಿನ್ ಸಲೀಸಾಗಿ ಕೂರುತ್ತದೆ, ಕೂತ ಮೇಲೆ ಯಂತ್ರ ಹಾಳಾಗುತ್ತದೆ. ಮೂಲ ಅಡಾಪ್ಟರ್ ಇದ್ದರೂ ಮಲ್ಟಿಮೀಟರ್ ಹಿಡಿದು ನೋಡಿ. ಏನೂ ಜೋಡಿಸದೆ ಅಳೆದಾಗ 12-13 ವೋಲ್ಟ್ ತೋರಿಸಿದರೆ ಗಾಬರಿ ಬೇಡ. ಅದು ರೆಗ್ಯುಲೇಟರ್ ಇಲ್ಲದ ಹಳೆ ಕಾಲದ ಟ್ರಾನ್ಸ್‌ಫಾರ್ಮರ್, ಹೊರೆ ಬಿದ್ದಾಗ ಇಳಿಯುತ್ತದೆ. ಒಂದು ಸಮಾಧಾನವೆಂದರೆ ಮೇನ್ಸ್ ಕರೆಂಟ್ ಆ ಡಬ್ಬಿಯಲ್ಲೇ ಉಳಿಯುತ್ತದೆ. ಕಂಪ್ಯೂಟರಿನ ಒಳಗೆ ನಿಮಗೆ ಶಾಕ್ ಹೊಡೆಯುವಂಥದ್ದು ಏನೂ ಇಲ್ಲ. ಹಳೆ ಪಿಕ್ಚರ್ ಟ್ಯೂಬ್ ಟಿವಿಯ ವಿಷಯ ಬೇರೆ, ಗೊತ್ತಿಲ್ಲದೆ ಅದರ ಬೆನ್ನು ಬಿಚ್ಚಲೇಬೇಡಿ.

ಈಗ ಆನ್ ಮಾಡಿ ಪರದೆ ನೋಡಬೇಕು. ಹಳೆ ವೈದ್ಯರು ನಾಡಿ ಹಿಡಿದ ಹಾಗೆ ಇದಕ್ಕೂ ಒಂದು ನಾಡಿ ಪರೀಕ್ಷೆ ಇದೆ. ಅದು ಮುಗಿಯುವುದಕ್ಕೆ ಎರಡು ಸೆಕೆಂಡೂ ಬೇಕಾಗುವುದಿಲ್ಲ. ಆ ಎರಡು ಸೆಕೆಂಡಿನಲ್ಲಿ ಏನಾಗುತ್ತದೆ ಎಂದು ಅರ್ಥವಾದರೆ ಅರ್ಧ ರಿಪೇರಿ ಆದ ಹಾಗೆ.

ಕರೆಂಟ್ ಸಿಕ್ಕ ಕೂಡಲೇ ಝಡ್80 ಪ್ರೊಸೆಸರ್ 16 ಕೆಬಿಯ ರೋಮ್ ಓದತೊಡಗುತ್ತದೆ, ರಾಮ್ ಅಲ್ಲ. (ಕನ್ನಡದಲ್ಲಿ ಬರೆಯುವಾಗ ಈ ಎರಡು ಪದ ಒಂದೇ ಥರ ಕೇಳಿಸುವುದರಿಂದ ರೋಮ್ ಅನ್ನು ಓದುವ ಮೆಮೊರಿ, ರಾಮ್ ಅನ್ನು ಬರೆಯುವ ಮೆಮೊರಿ ಎನ್ನುತ್ತೇನೆ.) ಅದು ಮಾಡುವ ಮೊದಮೊದಲ ಕೆಲಸಗಳಲ್ಲಿ ಒಂದು, ಪರದೆಯ ಅಂಚಿಗೆ ಬಿಳಿ ಬಣ್ಣ ಬಳಿಯುವುದು. ಆಮೇಲೆ ಬರೆಯುವ ಮೆಮೊರಿಯ ತುತ್ತತುದಿಯಿಂದ ಶುರುಮಾಡಿ ಕೆಳಗಿಳಿಯುತ್ತ, ಚೌಕಾಬಾರದ ಮನೆಗಳಿಗೆ ಕಾಯಿ ಇಟ್ಟ ಹಾಗೆ, ಪ್ರತಿ ಮನೆಯಲ್ಲೂ 2 ಎಂಬ ಅಂಕಿ ಬರೆಯುತ್ತ ಬರುತ್ತದೆ. ಮೆಮೊರಿಯ ಕೆಳತುದಿಯಲ್ಲಿರುವುದೇ ಪರದೆಯ ಚಿತ್ರ: 6144 ಬೈಟ್ ಚುಕ್ಕಿಗಳಿಗೆ, 768 ಬೈಟ್ ಬಣ್ಣಕ್ಕೆ. ಆ 2 ಎಂಬ ಅಂಕಿ ಅಲ್ಲಿಗೂ ಬಂದು ಕೂತಾಗ ಬಣ್ಣದ ಜಾಗದಲ್ಲಿ ಅದರ ಅರ್ಥ "ಕಪ್ಪು ಹಾಳೆ, ಕೆಂಪು ಶಾಯಿ". ಚಿತ್ರದ ಜಾಗದಲ್ಲಿ ಅದು 00000010, ಅಂದರೆ ಎಂಟು ಚುಕ್ಕಿಗೊಂದು ಚುಕ್ಕಿ. ಎರಡೂ ಸೇರಿ ಕಪ್ಪು ಪರದೆಯ ಮೇಲೆ ತೆಳುವಾದ ಕೆಂಪು ನಿಲುವು ಗೆರೆಗಳು ಮೂಡುತ್ತವೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ.

ಮರುಗಳಿಗೆಯೇ ಪ್ರೊಸೆಸರ್ ಕೆಳಗಿನಿಂದ ಮೇಲಕ್ಕೆ ವಾಪಸ್ ಹೊರಡುತ್ತದೆ. ಪ್ರತಿ ಮನೆಯಲ್ಲೂ ಎರಡು ಸಲ ಒಂದೊಂದು ಕಳೆಯುತ್ತದೆ. ಮೊದಲ ಸಲ ಕಳೆದಾಗ ಸೊನ್ನೆ ಬರಬಾರದು, ಎರಡನೇ ಸಲ ಬರಲೇಬೇಕು. ಎಲ್ಲಿ ಲೆಕ್ಕ ತಪ್ಪಿತೋ ಅಲ್ಲಿಗೆ ಮೆಮೊರಿ ಮುಗಿಯಿತು ಎಂದು ತೀರ್ಮಾನಿಸುತ್ತದೆ. ಎಲ್ಲ ಸರಿಯಿದ್ದರೆ ಪರದೆ ಕ್ಷಣಕಾಲ ಕಪ್ಪಾಗಿದ್ದು, ಬೆಳ್ಳಗಾಗಿ, ಕೆಳಗೆ 1982ರ ಸಿಂಕ್ಲೇರ್ ರಿಸರ್ಚ್ ಹಕ್ಕುಸ್ವಾಮ್ಯದ ಸಾಲು ಬರುತ್ತದೆ.

ಹೀಗಾಗಿ ಅಂಚು ಬಿಳಿಯಾಗಿದ್ದರೆ ಪ್ರೊಸೆಸರ್‌ಗೆ ಜೀವ ಇದೆ, ಓದುವ ಮೆಮೊರಿಯಿಂದ ಒಂದಷ್ಟಾದರೂ ಓದಿದೆ ಎಂದು ಧೈರ್ಯ ತಂದುಕೊಳ್ಳಬಹುದು. ಅಂಚು ಬಿಳಿಯಾಗದೆ ನಡುವೆ ಬರೀ ಬಣ್ಣದ ಚೌಕಗಳು ಕದಲದೆ ನಿಂತಿದ್ದರೆ ಪ್ರೊಸೆಸರ್ ಎದ್ದೇ ಇಲ್ಲ. ಕೆಂಪು ಗೀಟು ಕಂಡು ಅಲ್ಲೇ ಗೊಂದಲವಾದರೆ 48 ಕೆಬಿ ಬರೆಯುವ ಮೆಮೊರಿಯ ಕೆಳಗಿನ 16 ಕೆಬಿಯಲ್ಲಿ ದೋಷ. ಎಲ್ಲ ಸರಿಯಾಗಿ ಬಂದರೂ ಮಾಮೂಲಿಗಿಂತ ಬೇಗ ಬಂತು ಅನ್ನಿಸಿದರೆ ಅದೂ ಅನುಮಾನಕ್ಕೆ ಕಾರಣವೇ. ಮೇಲಿನ 32 ಕೆಬಿಯಲ್ಲಿ ಲೆಕ್ಕ ತಪ್ಪಿ ಪರೀಕ್ಷೆ ಅರ್ಧಕ್ಕೇ ನಿಂತಿರಬಹುದು.

ನನ್ನ ಮಾವನ ಯಂತ್ರದಲ್ಲಿ ಇದ್ಯಾವುದೂ ಕಾಣಲಿಲ್ಲ. ಕಪ್ಪು-ಬಿಳುಪು ದಪ್ಪ ಪಟ್ಟೆಗಳು, ಅಷ್ಟೆ.

ಹಾಗಿದ್ದಾಗ ಚಿಪ್‌ಗಳ ತಂಟೆಗೆ ಹೋಗದೆ ಮೊದಲು ವೋಲ್ಟೇಜ್ ಅಳೆಯಬೇಕು. ಸ್ಪೆಕ್ಟ್ರಮ್‌ನ ದೊಡ್ಡ ತಲೆನೋವು ಇರುವುದು ಇಲ್ಲೇ. ಪ್ರೊಸೆಸರ್‌ಗೆ 5 ವೋಲ್ಟ್ ಸಾಕು, ಅದನ್ನು 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಕೊಡುತ್ತದೆ. ಆದರೆ ಕೆಳಗಿನ ಮೆಮೊರಿಗೆ ಬಳಸಿದ 4116 ಚಿಪ್‌ಗಳು ಹಳೇ ತಲೆಮಾರಿನವು. ಅವಕ್ಕೆ 5 ವೋಲ್ಟ್ ಜೊತೆಗೆ 12 ವೋಲ್ಟೂ ಬೇಕು, ಮೈನಸ್ 5 ವೋಲ್ಟೂ ಬೇಕು. 9 ವೋಲ್ಟಿನ ಅಡಾಪ್ಟರಿನಿಂದ 12 ಎಲ್ಲಿಂದ ಬರಬೇಕು? ಅದಕ್ಕೆಂದು ಬೋರ್ಡಿನ ಮೇಲೆ ಒಂದು ಪುಟ್ಟ ತಾಮ್ರದ ಸುರುಳಿ, ಟಿಆರ್4, ಟಿಆರ್5 ಎಂಬ ಎರಡು ಟ್ರಾನ್ಸಿಸ್ಟರ್ ಇವೆ. ಟಿಆರ್4 ಆ ಸುರುಳಿಗೆ ಹೋಗುವ ಕರೆಂಟನ್ನು ಬಿಡುವಿಲ್ಲದೆ ಹಾಕಿ ತೆಗೆದು ಮಾಡುತ್ತದೆ. ಪ್ರತಿಸಲ ತೆಗೆದಾಗಲೂ ಸುರುಳಿ ಜಾಡಿಸಿ ಮೇಲಿನ ವೋಲ್ಟೇಜ್ ಹುಟ್ಟಿಸುತ್ತದೆ. 12 ಮತ್ತು ಮೈನಸ್ 5 ಎರಡೂ ಆ ಜಾಡಿಸುವಿಕೆಯಿಂದಲೇ ಬರುವುದು. ಹಗಲೂ ರಾತ್ರಿ ಒದೆ ತಿನ್ನುವ ಟಿಆರ್4 ಸಾಯುವುದು ಈ ಯಂತ್ರದಲ್ಲಿ ನೆಗಡಿಯಷ್ಟೇ ಸಾಮಾನ್ಯ.

ಅಳೆಯುವುದು ಹೀಗೆ. ಕೀಬೋರ್ಡ್ ತೆಗೆದಾಗ ಒಂದೇ ಸಾಲಿನಲ್ಲಿ ಎಂಟು ಮೆಮೊರಿ ಚಿಪ್ ಕಾಣುತ್ತವೆ, ಐಸಿ6ರಿಂದ ಐಸಿ13ರವರೆಗೆ. ಯಾವುದಾದರೂ ಒಂದರ 16ನೇ ಪಿನ್ ಗ್ರೌಂಡ್, 1ನೇ ಪಿನ್ ಮೈನಸ್ 5, 8ನೇ ಪಿನ್ 12, 9ನೇ ಪಿನ್ 5. ಬೇರೆ ಚಿಪ್‌ಗಳಲ್ಲಿ 8 ಗ್ರೌಂಡ್, 16 ಪಾಸಿಟಿವ್ ಇರುವುದು ರೂಢಿ, ಇಲ್ಲಿ ಹಾಗಲ್ಲ. ರೂಢಿಯ ಮೇಲೆ ನಂಬಿಕೆ ಇಟ್ಟು ಮೀಟರ್ ಹಿಡಿದರೆ ಏನೇನೋ ಓದುತ್ತೀರಿ. ಇನ್ನೊಂದು ಮಾತು: 8 ಮತ್ತು 9 ಚಿಪ್ಪಿನ ಒಂದೇ ತುದಿಯಲ್ಲಿ ಎದುರುಬದುರಾಗಿವೆ, ಪಕ್ಕದ ಚಿಪ್ಪಿನ ಕಾಲೂ ಹತ್ತಿರವೇ. ಮೀಟರಿನ ಮೊನೆ ಜಾರಿದರೆ ಅಳೆಯಲು ಹೋದವನೇ ಕೊಲೆಗಾರ. ಬೇರೊಂದು ಯಂತ್ರದಲ್ಲಿ ಒಮ್ಮೆ ನಾನು ಜಾರಿಸಿದ್ದೇನೆ. ಈಗ ಮೊನೆಗೆ ತುದಿ ಮಾತ್ರ ಬಿಟ್ಟು ಇನ್ಸುಲೇಷನ್ ಟೇಪ್ ಸುತ್ತುತ್ತೇನೆ.

ನನಗೆ ಸಿಕ್ಕ ಓದು: 5 ವೋಲ್ಟ್ ಸರಿ, ಮೈನಸ್ 5 ಇರಬೇಕಾದಲ್ಲಿ ಸೊನ್ನೆ. ಟಿಆರ್4 ಸತ್ತಿದೆ ಎಂದು ಖುಷಿಯಾಯಿತು. ಎಸ್.ಪಿ. ರೋಡಿನಲ್ಲಿ ಎರಡು ಅಂಗಡಿ ಸುತ್ತಿದರೂ ಟಿಆರ್4 ಜಾಗಕ್ಕೆ ಬೇಕಾದ ಝಡ್‌ಟಿಎಕ್ಸ್650 ಟ್ರಾನ್ಸಿಸ್ಟರ್ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಹಾಕಿ ಆನ್ ಮಾಡಿದೆ. ಐದಾರು ಸೆಕೆಂಡಿಗೆ ಸುಟ್ಟ ವಾಸನೆ. ಹೊಸದೂ ಹೋಯಿತು.

ತಪ್ಪು ನನ್ನದೇ. ಟಿಆರ್4 ತಾನಾಗಿ ಸಾಯುವುದು ಕಡಿಮೆ, ಯಾರೋ ಕೊಂದಿರುತ್ತಾರೆ. ಒಂದೋ ಯಂತ್ರ ಆನ್ ಇದ್ದಾಗ ಹಿಂದಿನ ಎಡ್ಜ್ ಕನೆಕ್ಟರ್‌ಗೆ ಜಾಯ್‌ಸ್ಟಿಕ್ ಇಂಟರ್‌ಫೇಸ್ ಚುಚ್ಚಿರುತ್ತಾರೆ, ಇಲ್ಲವೇ 4116ರಲ್ಲಿ ಒಂದು ಒಳಗೇ ಶಾರ್ಟ್ ಆಗಿ 12 ವೋಲ್ಟನ್ನು ನೇರ ಗ್ರೌಂಡಿಗೆ ಹರಿಸುತ್ತಿರುತ್ತದೆ. ಕರೆಂಟ್ ತೆಗೆದು 8 ಮತ್ತು 16ನೇ ಪಿನ್ನಿನ ನಡುವೆ ಓಮ್ ಅಳೆದಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಆಮೇಲೆ ಅಳೆದೆ: 3 ಓಮ್.

ಎಂಟು ಚಿಪ್‌ಗಳ 12 ವೋಲ್ಟ್ ಕಾಲೂ ಒಂದೇ ದಾರಿಗೆ ಜೋಡಿಸಿರುವುದರಿಂದ ಯಾವುದನ್ನು ಅಳೆದರೂ ಅದೇ 3 ಓಮ್ ಬರುತ್ತದೆ. ಕಳ್ಳ ಯಾರು? ಒಂದೊಂದನ್ನೇ ಬಿಚ್ಚಿ ನೋಡುವುದು ಒಂದು ದಾರಿ, ಬೋರ್ಡ್ ಹಾಳಾಗುವ ದಾರಿಯೂ ಅದೇ. ನಾನು ಮಾಡಿದ್ದು ಬೇರೆ. ವೋಲ್ಟೇಜ್ ತಿರುಗಿಸಿ ಇಡಬಹುದಾದ ಬೆಂಚ್ ಸಪ್ಲೈಯನ್ನು 1 ವೋಲ್ಟಿಗೆ ಇಟ್ಟು, ಅರ್ಧ ಆಂಪಿಯರ್‌ಗಿಂತ ಹೆಚ್ಚು ಹರಿಯದಂತೆ ಮಿತಿ ಹಾಕಿ, 12 ವೋಲ್ಟಿನ ದಾರಿಗೆ ಕೊಟ್ಟೆ. 1 ವೋಲ್ಟಿಗೆ ಒಳ್ಳೆಯ ಚಿಪ್‌ಗಳಿಗೆ ಏನೂ ಆಗುವುದಿಲ್ಲ, ಕರೆಂಟೆಲ್ಲ ಶಾರ್ಟ್ ಆದ ಚಿಪ್ಪಿನಲ್ಲೇ ಹರಿದು ಅದು ಬಿಸಿಯಾಗುತ್ತದೆ. ಬೆರಳಿಗೆ ಗೊತ್ತಾಗುವಷ್ಟು ಬಿಸಿಯಲ್ಲ. ಹತ್ತಿಕಡ್ಡಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಎಂಟರ ಬೆನ್ನಿಗೂ ಒಂದೇ ಸಮ ಸವರಿದೆ. ಏಳು ಒದ್ದೆಯಾಗಿ ಹೊಳೆಯುತ್ತಿದ್ದಾಗಲೇ ಐಸಿ10ರ ಬೆನ್ನು ನಡುವಿನಿಂದ ಅಂಚಿನತ್ತ ಒಣಗುತ್ತ ಹೋಯಿತು, ಬಿಸಿ ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಆಗುವ ಹಾಗೆ, ಆದರೆ ನಿಧಾನವಾಗಿ. ಇಡೀ ರಿಪೇರಿಯಲ್ಲಿ ನನಗೆ ತುಂಬ ಇಷ್ಟವಾದ ಅರ್ಧ ನಿಮಿಷ ಅದು.

ಚಿಪ್ ತೆಗೆಯುವಾಗ ಒಂದು ನಿಯಮ: ಸತ್ತದ್ದನ್ನು ಉಳಿಸಲು ಹೋಗಬೇಡಿ. ಹದಿನಾರೂ ಕಾಲನ್ನು ಮೈಗಂಟಿದಂತೆ ಕಟರ್‌ನಿಂದ ಕತ್ತರಿಸಿ, ದೇಹ ಎತ್ತಿ ಬಿಸಾಡಿ, ಉಳಿದ ಕಾಲುಗಳನ್ನು ಒಂದೊಂದಾಗಿ ಕಾಯಿಸಿ ಚಿಮಟದಲ್ಲಿ ಎಳೆಯಿರಿ. ಆಮೇಲೆ ತೂತಿಗೆ ಸ್ವಲ್ಪ ಹೊಸ ಸೀಸ ಹಾಕಿ ಪಂಪಿನಿಂದ ಹೀರಿದರೆ ಚೊಕ್ಕಟ. ಚಿಪ್ ಬೇರೆ ಸಿಗುತ್ತದೆ, ಬೋರ್ಡಿನ ತಾಮ್ರದ ದಾರಿ ಕಿತ್ತು ಬಂದರೆ ಬೇರೆ ಸಿಗುವುದಿಲ್ಲ. ಹೊಸದನ್ನು ನೇರ ಬೆಸೆಯದೆ ಸಾಕೆಟ್ ಹಾಕಿ.

ಸಾಕೆಟ್‌ನಲ್ಲಿ ಬೇರೆ 4116 ಕೂರಿಸಿ, ಓಮ್ ಅಳೆದು, ಮೂರನೇ ಟಿಆರ್4 ಹಾಕಿ (ಈ ಸಲ ಟಿಆರ್5 ಕೂಡ ಬದಲಿಸಿದೆ, ಎರಡಕ್ಕೂ ಸೇರಿ ಒಂದು ಮಸಾಲೆದೋಸೆಯ ದುಡ್ಡೂ ಆಗುವುದಿಲ್ಲ) ಆನ್ ಮಾಡಿದೆ. ಮೈನಸ್ 5 ಬಂತು. ಅಂಚು ಬೆಳ್ಳಗಾಯಿತು. ಕೆಂಪು ಗೀಟೂ ಬಂತು. ಆದರೆ ಎಂಟು ಚುಕ್ಕಿಗೆ ಒಂದು ಇರಬೇಕಾದ ಗೆರೆ ಎರಡೆರಡಿತ್ತು. ಸಾಲದ್ದಕ್ಕೆ ಇಡೀ ಪರದೆ ಕೆಂಪು-ಕಪ್ಪು ಅದಲುಬದಲಾಗಿ ಮಿನುಗುತ್ತಿತ್ತು, ಹಬ್ಬದ ಸೀರಿಯಲ್ ಲೈಟಿನ ಹಾಗೆ. ಅಲ್ಲಿಗೆ ನಿಂತಿತು.

ನೋಡಲು ಗೊಂದಲ, ಓದಲು ಬಂದರೆ ಇದಕ್ಕಿಂತ ಸ್ಪಷ್ಟ ಉತ್ತರ ಇಲ್ಲ. ಒಂದು ಬೈಟಿನಲ್ಲಿ ಎಂಟು ಬಿಟ್. ಈ ಯಂತ್ರದಲ್ಲಿ ಎಂಟು ಚಿಪ್‌ಗಳು ಪ್ರತಿ ಬೈಟಿನ ಒಂದೊಂದು ಬಿಟ್ ಹಂಚಿಕೊಂಡು ನೆನಪಿಡುತ್ತವೆ. ಐಸಿ6 ಸೊನ್ನೆಯ ಬಿಟ್, ಐಸಿ7 ಒಂದರದ್ದು, ಹೀಗೆ ಐಸಿ13 ಏಳನೆಯದು. ಹಾರ್ಮೋನಿಯಮ್ಮಿನ ಒಂದು ರೀಡ್ ಕೆಟ್ಟರೆ ಯಾವ ರಾಗ ನುಡಿಸಿದರೂ ಅದೇ ಸ್ವರ ಎಡವುತ್ತದಲ್ಲ, ಹಾಗೆ ಒಂದು ಚಿಪ್ ಕೆಟ್ಟರೆ ಪ್ರತಿ ಬೈಟಿನಲ್ಲೂ ಅದೇ ಬಿಟ್ ತಪ್ಪು. ಚಿತ್ರದ ಜಾಗದಲ್ಲಿ ಅದು ಎಂಟು ಚುಕ್ಕಿಗೊಂದು ಬೇಡದ ಗೆರೆ. ಬಣ್ಣದ ಜಾಗದಲ್ಲಿ ಪ್ರತಿ ಬಿಟ್ಟಿಗೂ ಬೇರೆ ಕೆಲಸ: ಕೆಳಗಿನ ಮೂರು ಶಾಯಿಯ ಬಣ್ಣ, ನಂತರದ ಮೂರು ಹಾಳೆಯ ಬಣ್ಣ, ಆರನೆಯದು ಹೊಳಪು, ಏಳನೆಯದು ಮಿನುಗು. ನನ್ನ ಪರದೆ ಮಿನುಗುತ್ತಿತ್ತು. ಅಂದರೆ ಏಳನೇ ಬಿಟ್ ಸದಾ ಒಂದಕ್ಕೆ ಅಂಟಿಕೊಂಡಿದೆ, ಅಂದರೆ ಐಸಿ13. ಹೆಚ್ಚುವರಿ ಗೆರೆಯೂ ಪ್ರತಿ ಎಂಟು ಚುಕ್ಕಿಯ ಎಡತುದಿಯಲ್ಲೇ ಇತ್ತು, ಸಾಕ್ಷಿ ಹೊಂದಿತು. ಮೈನಸ್ 5 ಇಲ್ಲದೆ ಮಿಕ್ಕ ವೋಲ್ಟೇಜ್ ಮಾತ್ರ ಸಿಕ್ಕರೆ 4116 ಹಾಳಾಗಬಹುದು, ಟಿಆರ್4 ಸತ್ತ ಗಳಿಗೆಯಲ್ಲಿ ಇದೂ ಪೆಟ್ಟು ತಿಂದಿರಬೇಕು. ಬದಲಿಸಿದೆ. ಹಕ್ಕುಸ್ವಾಮ್ಯದ ಸಾಲು ಬಂತು.

ಮೇಲಿನ 32 ಕೆಬಿಯದ್ದು ಇನ್ನೊಂದು ಕಥೆ, ಅದರಲ್ಲಿ ಸಿಂಕ್ಲೇರ್ ಅವರ ಲೆಕ್ಕಾಚಾರ ಚೆನ್ನಾಗಿ ಕಾಣುತ್ತದೆ. ಅಲ್ಲಿ ಬಳಸಿದ್ದು ಅಸಲಿಗೆ 64 ಕಿಲೋಬಿಟ್ ಚಿಪ್‌ಗಳು, ಆದರೆ ಕಾರ್ಖಾನೆಯ ಪರೀಕ್ಷೆಯಲ್ಲಿ ಅರ್ಧ ಫೇಲಾದವು. ಒಳ್ಳೆಯ ಅರ್ಧವನ್ನು ಮಾತ್ರ ಬಳಸುವ ಹಾಗೆ ಬೋರ್ಡಿನ ಮೇಲೆ ಒಂದು ತುಂಡು ತಂತಿಯ ಕೊಂಡಿ ಇದೆ. ತೂತಿರುವ ಬದನೆಕಾಯಿಯನ್ನು ಅರ್ಧ ಬೆಲೆಗೆ ತಂದು ಹುಳುಕು ಕತ್ತರಿಸಿ ಪಲ್ಯ ಮಾಡಿದ ಹಾಗೆ. ಎಂಟೂ ಚಿಪ್ಪಿನಲ್ಲಿ ಒಳ್ಳೆಯ ಅರ್ಧ ಒಂದೇ ಕಡೆ ಇರಬೇಕು ಎನ್ನುವುದು ಮರೆಯಬಾರದು. ಈಗ ಬದಲಿಸುವವರು ಪೂರ್ತಿ ಒಳ್ಳೆಯ 4164 ಹಾಕಿದರೆ ಆ ಚಿಂತೆ ಇಲ್ಲ. ಇವಕ್ಕೆ 5 ವೋಲ್ಟ್ ಒಂದೇ ಸಾಕು.

ಪ್ರೊಸೆಸರ್ ಏಳದೇ ಇದ್ದರೆ ನೋಡಬೇಕಾದ್ದು ಬೇಗ ಹೇಳಿಬಿಡುತ್ತೇನೆ. ಝಡ್80ಯ 11ನೇ ಪಿನ್ನಿನಲ್ಲಿ 5 ವೋಲ್ಟ್, 6ರಲ್ಲಿ 3.5 ಮೆಗಾಹರ್ಟ್ಜ್ ಗಡಿಯಾರದ ಮಿಡಿತ, 26ರಲ್ಲಿ ರಿಸೆಟ್, ಅದು ಆನ್ ಮಾಡಿದ ಕ್ಷಣ ಕೆಳಗಿದ್ದು ಆಮೇಲೆ ಮೇಲೇರಿ ನಿಲ್ಲಬೇಕು. ಗಡಿಯಾರದ ಮಿಡಿತ ಕೊಡುವುದು ಯುಎಲ್ಎ ಎಂಬ ದೊಡ್ಡ ಚಿಪ್, 14 ಮೆಗಾಹರ್ಟ್ಜ್ ಹರಳಿನಿಂದ ಭಾಗಿಸಿ. ಪರದೆ, ಕೀಬೋರ್ಡ್, ಕ್ಯಾಸೆಟ್, ಪೀಪಿ ಸದ್ದು ಎಲ್ಲವನ್ನೂ ನೋಡಿಕೊಳ್ಳುವುದೂ ಅದೇ. ಫೆರಾಂಟಿ ಕಂಪನಿ ಇಂಥ ಚಿಪ್ ಮಾಡುತ್ತಿದ್ದ ಕ್ರಮ ನಮ್ಮ ಚುಕ್ಕಿ ರಂಗೋಲಿಯದೇ: ಎಲ್ಲ ಗಿರಾಕಿಗಳಿಗೂ ಚುಕ್ಕಿ ಒಂದೇ, ಕೊನೆಗೆ ಎಳೆಯುವ ಗೆರೆ ಮಾತ್ರ ಅವರವರಿಗೆ ಬೇರೆ. ಸಿಂಕ್ಲೇರ್‌ಗೆಂದು ಎಳೆದ ರಂಗೋಲಿ ಬೇರೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಈಗ ಹವ್ಯಾಸಿಗಳು ಹೊಸ ಚಿಪ್‌ಗಳಿಂದ ಅದರ ಬದಲಿ ಮಾಡಿದ್ದಾರೆ. ಆದರೂ ಯುಎಲ್ಎ ಮೇಲೆ ಅನುಮಾನ ಪಡುವುದು ಕೊನೆಗಿರಲಿ. ಅದು ಮುಟ್ಟಲಾಗದಷ್ಟು ಬಿಸಿಯಾಗುವುದು ಹುಟ್ಟುಗುಣ.

ಕೆಪಾಸಿಟರ್‌ಗಳ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಹಳೆ ಯಂತ್ರ ಕಂಡರೆ ಸಾಕು ಎಲ್ಲ ಕೆಪಾಸಿಟರ್ ಬದಲಿಸಿ ಎನ್ನುವವರಿದ್ದಾರೆ. ಬದಲಿಸಿ, ತಪ್ಪಲ್ಲ, ನಲವತ್ತು ವರ್ಷದ ಎಲೆಕ್ಟ್ರೋಲಿಟಿಕ್‌ಗಳು ಒಣಗಿರುತ್ತವೆ. ಆದರೆ ಅದು ರೋಗ ಪತ್ತೆಯಾದ ಮೇಲೆ. ಮೊದಲೇ ಇಪ್ಪತ್ತು ಕಡೆ ಬೆಸುಗೆ ಹಾಕಿ ಕೂತರೆ ಹಳೆ ದೋಷ ಯಾವುದು, ನೀವು ಹೊಸದಾಗಿ ತಂದದ್ದು ಯಾವುದು ಎಂದು ದೇವರಿಗೂ ಗೊತ್ತಾಗುವುದಿಲ್ಲ.

ಇನ್ನು ಟಿವಿ. ಈ ಯಂತ್ರ ಆಂಟೆನಾ ತೂತಿಗೆ ಯುಎಚ್‌ಎಫ್ 36ನೇ ಚಾನೆಲ್ಲಿನಲ್ಲಿ ಚಿತ್ರ ಕಳಿಸುತ್ತದೆ, ಈಗಿನ ಹಲವು ಟಿವಿಗಳಿಗೆ ಆ ಭಾಷೆಯೇ ಮರೆತಿದೆ. ಚಿತ್ರವನ್ನು ಆ ಚಾನೆಲ್ಲಿಗೆ ಏರಿಸುವ ಮಾಡ್ಯುಲೇಟರ್ ಡಬ್ಬಿಗೆ ಹೋಗುವ ಎರಡು ತಂತಿ ಬಿಚ್ಚಿ, ವಿಡಿಯೊ ತಂತಿಯನ್ನು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಅದೇ ಸಾಕೆಟ್ಟಿನ ನಡುಪಿನ್ನಿಗೆ ಕೊಟ್ಟರೆ ಟಿವಿಯ ಹಳದಿ ತೂತಿಗೆ ನೇರ ಸೇರಿಸಬಹುದು. ಚಿತ್ರ ಬಂದು ಬಣ್ಣ ಮಾತ್ರ ಬರದಿದ್ದರೆ 4.43 ಮೆಗಾಹರ್ಟ್ಜ್ ಹರಳು ಮತ್ತು ಎಲ್ಎಂ1889 ಚಿಪ್ಪಿನ ಸುತ್ತ ಹುಡುಕಿ.

ಮೆಮೊರಿ ಪೂರ್ತಿ ಇದೆಯೇ ಎಂದು ಯಂತ್ರವನ್ನೇ ಕೇಳಬಹುದು. 23732 ಮತ್ತು 23733ನೇ ಮನೆಗಳಲ್ಲಿ ಪರೀಕ್ಷೆಯ ಫಲಿತಾಂಶ ಬರೆದಿಟ್ಟಿರುತ್ತದೆ. "ಪ್ರಿಂಟ್ ಪೀಕ್ 23732 + 256 * ಪೀಕ್ 23733" ಎಂದು ಕೊಟ್ಟರೆ 65535 ಬಂದರೆ 48 ಕೆಬಿಯೂ ಇದೆ, 32767 ಬಂದರೆ ಬರೀ 16. ಸ್ಪೆಕ್ಟ್ರಮ್‌ನಲ್ಲಿ ಪಿ ಕೀಲಿ ಒತ್ತಿದರೆ ಪ್ರಿಂಟ್ ಎಂಬ ಇಡೀ ಪದ ಬರುತ್ತದೆ. ಒತ್ತಿದೆ. ಬರಲಿಲ್ಲ. ಓ, ಐ, ಯು, ವೈ ಕೂಡ ಇಲ್ಲ.

ಬೇಸರ ಬಂತಾದರೂ ಇದು ಸುಲಭದ ಪಾಠ. 40 ಕೀಲಿಗಳನ್ನು ಐದೈದರ ಎಂಟು ಗುಂಪಾಗಿ ಹೆಣೆದಿದ್ದಾರೆ, ಪ್ರತಿ ಗುಂಪಿಗೊಂದು ಎಳೆ, ಅಡ್ಡಕ್ಕೆ ಐದು ಎಳೆ. ಪಕ್ಕಪಕ್ಕದ ಐದು ಸತ್ತರೆ ಗುಂಪಿನ ಎಳೆ ಕಡಿದಿದೆ. ಎ, ಕ್ಯೂ, 1, 0, ಪಿ, ಎಂಟರ್, ಕ್ಯಾಪ್ಸ್, ಸ್ಪೇಸ್ ಎಂಟೂ ಒಟ್ಟಿಗೆ ಸತ್ತರೆ ಅಡ್ಡ ಎಳೆ ಹೋಗಿದೆ. ರಬ್ಬರಿನ ಕೆಳಗಿನ ಪ್ಲಾಸ್ಟಿಕ್ ಪದರದ ಬಾಲ ಒಣಗಿ, ಕನೆಕ್ಟರಿಗೆ ಸೇರುವ ಬಾಗಿನಲ್ಲಿ ಹಪ್ಪಳದ ಹಾಗೆ ಬಿರಿಯುವುದು ಮಾಮೂಲು. ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ, ಕರಗುತ್ತದೆ. ಉದ್ದ ಇದ್ದರೆ ಬಿರಿದ ತುದಿಯನ್ನು ಕತ್ತರಿಯಿಂದ ನೇರ ಕತ್ತರಿಸಿ ಮತ್ತೆ ಚುಚ್ಚಬಹುದು. ನಾನು ಚುಚ್ಚುವಾಗಲೇ ಇನ್ನೊಂದು ಕಡೆ ಬಿರಿಯಿತು. ಹೊಸ ಪದರ ಈಗಲೂ ತಯಾರಾಗುತ್ತದೆ, ತರಿಸಿಕೊಳ್ಳಲು ಮೂರು ವಾರ ಕಾದೆ.

ಹಾಕಿದ ದಿನ ಪಿ ಒತ್ತಿದೆ, ಪ್ರಿಂಟ್ ಬಂತು. 65535 ಕೂಡ ಬಂತು. ಎರಡು ಗಂಟೆ ಆನ್ ಇಟ್ಟು ಮೈನಸ್ 5 ಇನ್ನೊಮ್ಮೆ ಅಳೆದೆ, ಕದಲಿರಲಿಲ್ಲ. ಮುಚ್ಚಳದ ಐದು ಸ್ಕ್ರೂಗಳಲ್ಲಿ ನಾಲ್ಕು ಹಾಕಿದ್ದೇನೆ. ಐದನೆಯದು ಮೇಜಿನ ಕೆಳಗೆ ಎಲ್ಲೋ ಉರುಳಿದೆ.